ಬಾಯಿಗೆ ತುರುಕಿದ ನೆನಪು

ನೆನಪೆಂದರೆ ತಲೆಯೊಳಗಿನ ವಿಡಿಯೊ ಎಂದು ನಂಬಿದವರೇ ಮರಿಯಮ್ಮನಹಳ್ಳಿಯ ಅಜ್ಜಿಯರ ಮುಂದೆ ಮೊಬೈಲು ಹಿಡಿದು ಕೂರುತ್ತಾರೆ. ನಾನೂ ಕೂತಿದ್ದೇನೆ. 1953ರಲ್ಲಿ ಮುಗಿದ ಟಿ.ಬಿ. ಡ್ಯಾಂ ಅವರ ನಾರಾಯಣದೇವರಕೆರೆಯನ್ನು ಮುಳುಗಿಸಿತು. "ನೀರು ಊರನ್ನ ನುಂಗಿದಾಗ ಎಷ್ಟು ಅತ್ರಿ ಅಜ್ಜಿ?" ಇದು ಪ್ರಶ್ನೆಯಲ್ಲ, ಉತ್ತರವನ್ನು ಬಾಯಿಗೆ ತುರುಕುವುದು.

1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕಾರುಗಳು 'ತಾಗಿದಾಗ' ವೇಗವೆಷ್ಟಿತ್ತು ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ 7, 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡ 50ರಲ್ಲಿ 16 ಮಂದಿ, ವಾರದ ನಂತರ ಒಡೆದ ಗಾಜು ಕಂಡೆವೆಂದರು. ಫಿಲ್ಮಿನಲ್ಲಿ ಗಾಜು ಒಡೆದಿರಲಿಲ್ಲ.

ಹಾಗೆಂದು ಅಜ್ಜಿ ಹೇಳಿದ್ದೆಲ್ಲ ಸುಳ್ಳೆನ್ನುವ ಪಂಡಿತರನ್ನೂ ಒಪ್ಪಲಾರೆ. ಕೆಡಿಸುವುದು ನಮ್ಮ ಪ್ರಶ್ನೆ. "ಆಗ ಏನಾಯ್ತು?" ಎಂದಷ್ಟೇ ಕೇಳಿ, ಸುಮ್ಮನಿರಿ. ಪ್ರಬಂಧದಲ್ಲಿ ಅವರ ಉತ್ತರದ ಪಕ್ಕ ನಿಮ್ಮ ಪ್ರಶ್ನೆಯನ್ನೂ ಅಚ್ಚು ಹಾಕಿ.