ಡಿ.ಜೆ. ಪೆಟ್ಟಿಗೆ ಮತ್ತು ತಮಟೆ

ಈಚಿನ ವರ್ಷಗಳಲ್ಲಿ ಗಣೇಶನ ಹಬ್ಬ ಬಂತೆಂದರೆ ನಮ್ಮ ಚಿತ್ರದುರ್ಗದಲ್ಲಿ ಒಂದು ವಾದ ತಪ್ಪದೆ ಹುಟ್ಟಿಕೊಳ್ಳುತ್ತದೆ: ಮೆರವಣಿಗೆಗೆ ಡಿ.ಜೆ. ಬೇಕೋ, ಬೇಡವೋ? ಹುಡುಗರು ಬೇಕೇ ಬೇಕೆನ್ನುತ್ತಾರೆ. ನನ್ನ ವಯಸ್ಸಿನವರು ಕಿವಿ ಮುಚ್ಚಿಕೊಂಡು, “ಇದೆಲ್ಲ ಪರದೇಶದ ಗದ್ದಲ, ನಮ್ಮ ತಮಟೆ ಎಲ್ಲಿ ಹೋಯಿತು?” ಎಂದು ನಿಟ್ಟುಸಿರಿಡುತ್ತಾರೆ. ಆ ನಿಟ್ಟುಸಿರಿನ ಬಗೆಗೆ ನನ್ನದೊಂದು ತಕರಾರಿದೆ.

ಮೊದಲು ಆ ‘ಪರದೇಶದ ಗದ್ದಲ’ದ ಮೂಲವನ್ನು ನೋಡೋಣ. ಪೆಟ್ಟಿಗೆಯಿಂದ ಹೊರಟು ಎದೆಗೆ ಗುದ್ದುವ ಆ ಸಮತಾಳ ಬಹುಮಟ್ಟಿಗೆ ಅಮೆರಿಕದ ಕಪ್ಪು ಜನರ ಕೊಡುಗೆ. ಫ್ರಾಂಕಿ ನಕಲ್ಸ್ ಎಂಬ ಕಪ್ಪು ತರುಣ 1977ರಲ್ಲಿ ಷಿಕಾಗೋ ನಗರದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಒಂದಕ್ಕೊಂದು ಬೆಸೆದು ನುಡಿಸತೊಡಗಿದ. ಅಲ್ಲಿ ಕುಣಿಯಲು ಸೇರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಕಡೆ ಆದರ ಕಾಣದ ಕಪ್ಪು ಜನ, ಲ್ಯಾಟಿನ್ ಮೂಲದವರು, ಸಲಿಂಗಪ್ರೇಮಿಗಳು. ಆ ಕ್ಲಬ್ಬಿನ ಹೆಸರಿನಿಂದಲೇ ‘ಹೌಸ್’ ಸಂಗೀತವೆಂಬ ಮಾತು ಬಂತು. 1980ರ ದಶಕದಲ್ಲಿ ಡೆಟ್ರಾಯಿಟ್ ಸಮೀಪದ ಬೆಲ್‌ವಿಲ್‌ನಲ್ಲಿ ಒಟ್ಟಿಗೆ ಓದಿದ ಮೂವರು ಕಪ್ಪು ಗೆಳೆಯರು, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್, ‘ಟೆಕ್ನೋ’ ಸಂಗೀತವನ್ನು ರೂಪಿಸಿದರು.

ಇದಕ್ಕೆ ಸ್ವಲ್ಪ ಮೊದಲು, 1979ರ ಜುಲೈ 12ರಂದು, ಅದೇ ಷಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸಿಡಿಸಿದ್ದರು. ಆ ದಿನ ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಜನ ತಂದಿದ್ದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ, ಕಪ್ಪು ಗಾಯಕರ ತಟ್ಟೆಗಳೂ ಇದ್ದುವೆಂದು ಮುಂದೆ ಹೇಳಿದ್ದಾನೆ. ಮುಂದೆ ಈ ತಾಳವೇ ಯೂರೋಪನ್ನು ಸುತ್ತಿ ಕೋಟಿಗಟ್ಟಲೆಯ ವ್ಯಾಪಾರವಾಯಿತು. ಹುಟ್ಟಿಸಿದವರ ಹೆಸರು ಮಾತ್ರ ಹಿಂದೆ ಉಳಿಯಿತು.

ತಾಳ ಬೇಕು, ತಾಳ ಹುಟ್ಟಿಸಿದವನು ಬೇಡ. ಈ ಗುಣ ನಮಗೇನು ಹೊಸತೆ?

ಬಳೆಗೆ ತೊಗಲು ಬಿಗಿದು, ಬೆಂಕಿಗೆ ಕಾಯಿಸಿ ಹದಗೊಳಿಸಿ ನುಡಿಸುವ ತಮಟೆ ನಮ್ಮ ಹಳ್ಳಿಗಳಲ್ಲಿ ಜಾತ್ರೆಗೂ ಬೇಕಿತ್ತು, ಹೆಣದ ಮುಂದೆಯೂ ಬೇಕಿತ್ತು, ಡಂಗುರಕ್ಕೂ ಬೇಕಿತ್ತು. ಅದನ್ನು ಬಡಿಯುವ ಕೆಲಸ ಹೆಚ್ಚಾಗಿ ಮಾದಿಗರ ಪಾಲಿನ ಬಿಟ್ಟಿ ಚಾಕರಿಯಾಗಿತ್ತು. ದೇವರ ಮುಂದೆ ದಾರಿಯುದ್ದಕ್ಕೂ ನುಡಿಸಿದವನು ಗುಡಿಯ ಹೊರಗೇ ನಿಲ್ಲಬೇಕಿತ್ತು. ನಾದ ಮಂಗಳಕರ, ನುಡಿಸಿದ ಕೈ ಮೈಲಿಗೆ!

ತಮಟೆಯ ಮನೆತನದಿಂದ ಬಂದ ನನ್ನ ಶಿಷ್ಯನೊಬ್ಬ ಈಗ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುತ್ತಾನೆ. “ಅಪ್ಪನ ವಿದ್ಯೆಯನ್ನು ಏಕೆ ಬಿಟ್ಟೆಯಪ್ಪಾ?” ಎಂದು ಕೇಳಿದೆ. “ಸಾರ್, ತಮಟೆ ಹಿಡಿದರೆ ನಾನು ಯಾರ ಮಗ ಅಂತ ಊರಿಗೇ ಗೊತ್ತಾಗುತ್ತೆ. ಈ ಪೆಟ್ಟಿಗೆ ಮುಂದೆ ಯಾರೂ ಜಾತಿ ಕೇಳಲ್ಲ” ಎಂದ. ಪರಂಪರೆಯ ಹೆಸರಿನಲ್ಲಿ ಅವನನ್ನು ಮತ್ತೆ ಅಲ್ಲಿಗೇ ನೂಕುವ ಹಕ್ಕು ನಮಗಿಲ್ಲ.

ಹಾಗೆಂದು ತಮಟೆ ಅಳಿಯಲಿ ಎಂಬುದು ನನ್ನ ಮಾತಲ್ಲ. 1970ರ ದಶಕದಲ್ಲಿ ಹರಿಹರದ ಬಿ. ಕೃಷ್ಣಪ್ಪನವರೂ ಅವರ ಸಂಗಡಿಗರೂ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಆ ಹರಿಹರ 1997ರವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ಆ ಚಳವಳಿಯ ಜನ ಚಾಕರಿಯ ತಮಟೆಯನ್ನು ಹೋರಾಟದ ತಮಟೆಯಾಗಿ ಬಡಿದರು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತು. ಬಡಿಯುವವನು ತಾನಾಗಿ ಆರಿಸಿಕೊಂಡಾಗ, ಗೌರವ ದೊರೆತಾಗ, ವಾದ್ಯ ಉಳಿಯುತ್ತದೆ.

ಸದ್ದಿನ ತೊಂದರೆ ಬೇರೆ ವಿಷಯ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವೃದ್ಧರ, ಹಸುಗೂಸುಗಳ ನಿದ್ದೆಗಾಗಿ ಆ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸೋಣ. ಆದರೆ ಆ ನಿಯಮದ ಮರೆಯಲ್ಲಿ ಸಂಸ್ಕೃತಿಯ ಉಪದೇಶ ಬೇಡ.

ಉತ್ಸವ ಸಮಿತಿಗಳಲ್ಲಿರುವ ನನ್ನ ಶಿಷ್ಯರಿಗೆ ಇಷ್ಟೇ ಹೇಳುತ್ತೇನೆ. ತಮಟೆಯನ್ನು ಕರೆಸಿ, ಡಿ.ಜೆ.ಗೆ ಕೊಡುವಷ್ಟೇ ಹಣವನ್ನು ಅವರಿಗೂ ಕೊಡಿ. ಆಮಂತ್ರಣ ಪತ್ರಿಕೆಯಲ್ಲಿ ಕಲಾವಿದರ ಹೆಸರು ಅಚ್ಚಾಗಲಿ. ಊಟಕ್ಕೆ ನಿಮ್ಮ ಪಂಕ್ತಿಯಲ್ಲಿಯೇ ಕೂರಿಸಿ. ನಿಮ್ಮ ಮಕ್ಕಳೂ ಅವರ ಬಳಿ ಕುಳಿತು ಕಲಿಯಲಿ. ಇದಿಷ್ಟು ಆಗುವವರೆಗೆ ನನ್ನ ಆ ಶಿಷ್ಯನ ಪೆಟ್ಟಿಗೆಯನ್ನು ಹಳಿಯುವ ಬಾಯಿ ನಮಗಿಲ್ಲ.