ಕೊಡದೆ ಪಡೆದ ಸಮಯ

ಅಚೌರ್ಯವ್ರತವು ಹಣ, ಒಡವೆಗಳಿಗಷ್ಟೇ ಸೀಮಿತವಲ್ಲ. ಒಡೆಯನು ಕೊಡದಿರುವ ಯಾವುದನ್ನೂ ತೆಗೆದುಕೊಳ್ಳಬಾರದೆಂಬುದು ಅದರ ತಿರುಳು. ಸಮಯವೂ ಮನುಷ್ಯನ ಸೊತ್ತೇ ಅಲ್ಲವೇ?

2015ರಲ್ಲಿ ಬಂದ ವಿಂಡೋಸ್ 10ರ ಗೃಹಬಳಕೆಯ ಆವೃತ್ತಿಯಲ್ಲಿ ಅಪ್‌ಡೇಟ್ ಬೇಡವೆನ್ನುವ ನೇರ ಅವಕಾಶವಿರಲಿಲ್ಲ. ಅರ್ಧ ಬರೆದ ಲೇಖನವಿರಲಿ, ರಾತ್ರಿಯಿಡೀ ನಡೆಯಬೇಕಿದ್ದ ಲೆಕ್ಕಾಚಾರವಿರಲಿ, ಎಷ್ಟೋ ಸಲ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಬಳಕೆದಾರರ ಸಿಟ್ಟು ನ್ಯಾಯವಾದದ್ದೇ.

ಆದರೆ ಅನೇಕಾಂತ ದೃಷ್ಟಿಯು ಮತ್ತೊಂದು ಮುಖವನ್ನೂ ನೋಡೆನ್ನುತ್ತದೆ. ಬಳಕೆಯಲ್ಲಿರುವ ಕಡತಗಳನ್ನು ಬದಲಿಸಲು ರೀಸ್ಟಾರ್ಟ್ ಬೇಕಾಗುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿಯು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ನುಸುಳಿದ ದೋಷವನ್ನು ಸರಿಪಡಿಸುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು, ಅನೇಕರು ಅಳವಡಿಸಿಕೊಂಡಿರಲಿಲ್ಲ. ಒಬ್ಬರ ಪ್ರಮಾದವು ಹಲವರ ನೋವಿಗೆ ದಾರಿಯಾಗುತ್ತದೆ.

ಹಾಗೆಂದು ಹಿತವನ್ನು ಬಲವಂತದಿಂದ ಹೇರಬಹುದೇ? 2019ರಲ್ಲಿ ಅದೇ ಆವೃತ್ತಿಗೆ, ಏಳೇಳು ದಿನಗಳಂತೆ 35 ದಿನಗಳವರೆಗೆ ಅಪ್‌ಡೇಟ್ ಮುಂದೂಡುವ ಅವಕಾಶ ದೊರೆಯಿತು. ರಕ್ಷಣೆ ಮತ್ತು ಸಮ್ಮತಿ ಒಟ್ಟಿಗೆ ಬಾಳಬಲ್ಲವೆಂಬುದಕ್ಕೆ ಇದೇ ಸಾಕ್ಷಿ. ತಯಾರಕರು ಕೇಳಿ ಪಡೆಯಲಿ. ಬಳಸುವವರು ಆಲಸ್ಯವನ್ನು ತೊರೆದು ಸಕಾಲದಲ್ಲಿ ಕೊಡಲಿ.