ಮುಂದಿನ ಟೋಕನ್ನಿನವರ ಕಿವಿ

ಹೋದ ತಿಂಗಳು ನಮ್ಮ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಊರು ಹೊಳೆನರಸೀಪುರವೋ ಅರಕಲಗೂಡೋ ನೀವೇ ಅಂದುಕೊಳ್ಳಿ, ಎಲ್ಲಾ ಕಡೆ ಕಥೆ ಒಂದೇ. ಡಾಕ್ಟರ ಮೇಜಿನ ಸುತ್ತ ನಾಲ್ಕು ಜನ ನಿಂತಿದ್ದೆವು. ಸ್ಟೂಲಿನ ಮೇಲಿದ್ದ ಹುಡುಗಿಯನ್ನು ನರ್ಸಮ್ಮ, "ಹೊರಗಾಗಿ ಎಷ್ಟು ದಿನ ಆಯ್ತಮ್ಮಾ?" ಎಂದು ಬಾಗಿಲಾಚೆಗೂ ಕೇಳಿಸುವಂತೆ ಕೇಳಿದರು. ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿ, "ಬರೀ ಹೊಟ್ಟೆನೋವು ಮೇಡಂ" ಅಂದಳು. ಹಿಂದಿದ್ದವರಲ್ಲಿ ಯಾರೋ ಅವಳೂರಿನವರಿರಬೇಕು. ಡಾಕ್ಟರು ಹೊಟ್ಟೆನೋವಿಗೆ ಮಾತ್ರೆ ಬರೆದರು.

ರೋಗಿಯ ಗುಟ್ಟು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಂಡವರು ಆ ಚೀಟಿ ನೋಡಬೇಕಿತ್ತು. ಕಾನೂನಿಗೇನೂ ಬರವಿಲ್ಲ. ರೋಗಿಯ ಗುಟ್ಟು ಬಿಟ್ಟುಕೊಡಬಾರದೆಂದು 2002ರ ವೈದ್ಯರ ನಡತೆ ನಿಯಮಗಳಲ್ಲೇ ಇದೆ. ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಹೊರಹಾಕಬಾರದೆಂಬ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆದರೂ ಪರೀಕ್ಷೆ ಮಾಡಿಸಲು ಚನ್ನರಾಯಪಟ್ಟಣದಿಂದ ಹಾಸನಕ್ಕೆ, ಹಾಸನದಿಂದ ಬೆಂಗಳೂರಿಗೆ ಬಸ್ಸು ಹತ್ತುವವರಿದ್ದಾರೆ. ಕಾಯ್ದೆ ಡಾಕ್ಟರ ಬಾಯಿ ಕಟ್ಟೀತು, ಮುಂದಿನ ಟೋಕನ್ನಿನವರ ಕಿವಿಗೆ ಏನು ಮಾಡೋದು? ಬೆಳಗ್ಗೆಯಿಂದ ಒಂದೇ ಸಮ ಚೀಟಿ ನೋಡುವ ಡಾಕ್ಟರಿಗೆ ಪುರುಸೊತ್ತಿಲ್ಲ, ನಿಜ. ಒಂದು ಪರದೆ ಕಟ್ಟಿ, ಒಬ್ಬೊಬ್ಬರನ್ನೇ ಒಳಗೆ ಬಿಡಲು ಡಾಕ್ಟರೇ ಬೇಕಿಲ್ಲವಲ್ಲ.

ಸತ್ತ ಮೇಲೂ ಬಿಡುಗಡೆಯಿಲ್ಲ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳನ್ನು ಟಿವಿಯವರು ಕ್ರಿಕೆಟ್ ಸ್ಕೋರಿನ ಹಾಗೆ ಎಣಿಸಿದರು. ಮನೆಯವರು ಮಣ್ಣು ಮಾಡಿ ಬರುವಷ್ಟರಲ್ಲಿ ಹೆಸರು, ವಯಸ್ಸು, ಫೋಟೊ ವಾಟ್ಸ್ಆ್ಯಪ್ ಸುತ್ತಿರುತ್ತಿದ್ದವು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜುಲೈನಲ್ಲಿ, ಸರ್ಕಾರ ತನಿಖೆಗೆಂದು ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅದರಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ ಎಂದಿತು. ಆ ನಾಲ್ಕು ಮನೆಗಳಿಗೆ ಹೋಗಿ ಯಾವ ಚಾನೆಲ್ಲಾದರೂ "ತಪ್ಪಾಯ್ತು" ಅಂದದ್ದನ್ನು ನಾನಂತೂ ನೋಡಲಿಲ್ಲ.

ಅವತ್ತು ಕ್ಲಿನಿಕ್ಕಿನಿಂದ ಲ್ಯಾಬಿಗೆ ಹೋದೆ. ನನ್ನ ಶುಗರ್ ರಿಪೋರ್ಟ್ ಕೇಳಿದ್ದಕ್ಕೆ, "ಅಲ್ಲೇ ಇದೆ, ಹುಡುಕ್ಕೊಳ್ಳಿ ಸರ್" ಎಂದು ಟ್ರೇ ನನ್ನ ಕಡೆ ತಳ್ಳಿದರು. ನನ್ನದು ಸಿಗುವಷ್ಟರಲ್ಲಿ ಹನ್ನೊಂದು ಜನರ ರಕ್ತದ ವಿವರ ಕಣ್ಣಿಗೆ ಬಿದ್ದಿತ್ತು. ಒಬ್ಬರು ನಮ್ಮ ಬೀದಿಯವರೇ. ಪಕ್ಕದ ಮೆಡಿಕಲ್ ಶಾಪಿನಲ್ಲಿ ಸ್ಯಾನಿಟರಿ ಪ್ಯಾಡಿಗೆ ಪೇಪರು ಸುತ್ತಿ, ಮೇಲೊಂದು ಕರಿ ಕವರು ಹಾಕಿ ಕೊಡುತ್ತಿದ್ದರು.